ನಾಯಿ ಇಲ್ಲದ ಕಡೆಯ ಬಾಗಿಲು

ನಾನು ನಿಂತಿದ್ದದ್ದು ಕರಿಹಲಗೆಯ ಎಡಗಡೆ, ಕೈಯಲ್ಲಿ ಸೀಮೆಸುಣ್ಣ ಹಿಡಿದು. ಶನಿವಾರ, ಬೆಳಗಿನ ಶಾಲೆ. ಪ್ರಾರ್ಥನೆ ಮುಗಿದು ಕಾಲು ಗಂಟೆಯಾಗಿತ್ತು, ಅಂದರೆ ಎಂಟು ಗಂಟೆಯ ಸುಮಾರು. ಸಂಕ್ರಾಂತಿ ಕಳೆದು ಎರಡನೆಯ ಶನಿವಾರ. ಕಪಿಲೆಗೆ ಅಡ್ಡಲಾಗಿ ಅಣೆಕಟ್ಟು ಏಳುತ್ತಿದ್ದ ವರ್ಷಗಳು ಅವು. ಹೆಗ್ಗಡದೇವನಕೋಟೆಯ ದಾರಿಯಲ್ಲಿ ಲಾರಿಗಳು ಧೂಳೆಬ್ಬಿಸಿಕೊಂಡು ಓಡಾಡುತ್ತಿದ್ದವು. ನಮ್ಮ ಶಾಲೆಗೆ ನಾಲ್ಕು ಗೋಡೆ ಎದ್ದಿತ್ತು, ಸೂರು ಇರಲಿಲ್ಲ. ಆದ್ದರಿಂದ ಬೆಳಕು ಚೆನ್ನಾಗಿತ್ತು. ನಾನು ಕಂಡದ್ದನ್ನು ತಪ್ಪಾಗಿ ಕಂಡಿರಬಹುದು ಎನ್ನಲು ಕತ್ತಲೆಯ ನೆಪವಿಲ್ಲ.

ನನ್ನ ಎದುರಿಗೆ ನೆಲದ ಮೇಲೆ ಮೂವತ್ತನಾಲ್ಕು ಮಕ್ಕಳು. ನನ್ನ ಬಲಕ್ಕೆ ಹೆಡ್ ಮೇಷ್ಟ್ರು. ಊರ ಕಡೆಯ ಬಾಗಿಲಲ್ಲಿ ಪಟೇಲರು. ಪಡುವಣ ಗೋಡೆಯಲ್ಲಿ ಇನ್ನೊಂದು ಬಾಗಿಲಿತ್ತು, ಕದ ಕೂಡಿಸದ ಬರಿಯ ತೆರಪು. ಅದರಾಚೆ ಕಾಡು, ಕಾಡಿನಂಚಿನಲ್ಲಿ ಹಾಡಿ, ಕಾಡಿನ ಜನರ ಗುಡಿಸಲುಗಳು.

ಹೆಡ್ ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ಎಂಬತ್ತು ದಾಟಿತ್ತು. ಹುಣಸೂರಿನಲ್ಲಿ ಸಂತಾಪ ಸಭೆ ಮಾಡಿದರು. ಮಾತಾಡಿದ ಮೂವರೂ ಒಂದೇ ಮಾತು ಹೇಳಿದರು: ಮಕ್ಕಳನ್ನು ಕೇಳಿ ಶಾಲೆ ಕಟ್ಟಿದ ಪುಣ್ಯಾತ್ಮರು. ನೆನಪಿನ ಪುಸ್ತಕಕ್ಕೆ ಎರಡು ಪುಟ ಬರೆದುಕೊಡಿ ಎಂದು ನನ್ನನ್ನೂ ಕೇಳಿದರು, ಆ ಶಾಲೆಯಲ್ಲಿ ಅವರ ಕೈಕೆಳಗೆ ಇದ್ದವನು ನಾನೊಬ್ಬನೇ ಉಳಿದಿದ್ದೇನೆಂದು. ಬರೆದದ್ದು ಇದು. ಅವರ ಹೆಸರು ಹಾಕಿಲ್ಲ. ಅವರ ಮಗಳು ನನ್ನನ್ನು ಕಂಡಾಗ ಈಗಲೂ ಕೈ ಮುಗಿಯುತ್ತಾಳೆ. ಇದರಲ್ಲಿ ಆಕೆಯ ತಪ್ಪೇನೂ ಇಲ್ಲ.

ನನಗೆ ಅವರ ಮೇಲೆ ಗೌರವವಿಲ್ಲ. ಇದನ್ನು ಮೊದಲೇ ಹೇಳುವುದು ಒಳ್ಳೆಯದು, ಇಲ್ಲದಿದ್ದರೆ ಮುಂದಿನ ಒಂದೆರಡು ಮಾತು ಓದಿದವರು ಗೌರವವಿದೆ ಎಂದುಕೊಂಡಾರು.

ಎತ್ತರದ ಆಳು. ಬಿಳಿ ಪಂಚೆ, ಕಾಲರಿಲ್ಲದ ಜುಬ್ಬ. ಕಂಕುಳಲ್ಲಿ ಯಾವಾಗಲೂ ಎರಡಡಿ ಉದ್ದದ ಒಂದು ಅಡಿಕೋಲು, ಅದರ ಎರಡು ಕೊನೆಗೂ ಹಿತ್ತಾಳೆಯ ಕಟ್ಟು. ಆ ಕೋಲಿನಿಂದ ಅವರು ಯಾವ ಮಗುವಿಗೂ ಹೊಡೆದದ್ದನ್ನು ನಾನು ನೋಡಿಲ್ಲ. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು ಕೂಡ. ಆದರೆ ಸಾಹೇಬರು ಯಾರಾದರೂ ಬಂದಾಗ ಒಂದು ಮಗುವನ್ನು ಮುಂದಕ್ಕೆ ಕರೆದು, ಕೋಲಿನ ಹಿತ್ತಾಳೆಯ ಕೊನೆಯನ್ನು ಅದರ ಗಲ್ಲದ ಕೆಳಗಿಟ್ಟು ಮುಖ ಮೇಲಕ್ಕೆತ್ತುತ್ತಿದ್ದರು. ಕೈಯಿಂದ ಎತ್ತುತ್ತಿರಲಿಲ್ಲ. "ನೋಡಿ ಸಾರ್, ಇವಳು ನಮ್ಮ ಇಂಜಿನಿಯರಮ್ಮ. ಒಂದು ಗಜಕ್ಕೆ ಎಷ್ಟು ಅಡಿ, ಹೇಳಮ್ಮ ಸಾಹೇಬ್ರಿಗೆ." ಮಗು ಹೇಳುತ್ತಿತ್ತು. ಸಾಹೇಬರು ನಗುತ್ತಿದ್ದರು. ಕೋಲು ಕಂಕುಳಿಗೆ ವಾಪಸು ಹೋಗುತ್ತಿತ್ತು.

ನಾನು ಸಾಲಿಗ್ರಾಮದ ಕಡೆಯವನು, ಗದ್ದೆ ಕಾಲುವೆ ನೋಡಿ ಬೆಳೆದವನು. ಮೊದಲ ಕೆಲಸಕ್ಕೆ ಆ ಊರಿಗೆ ಹೋದಾಗ ಇಪ್ಪತ್ತೆರಡು ವರ್ಷ. ಹಳೆಯ ಶಾಲೆ ಮಳೆಗೆ ಕುಸಿದು, ಪಾಠ ಚಾವಡಿಯಲ್ಲಿ ನಡೆಯುತ್ತಿತ್ತು. ಹೊಸ ಕಟ್ಟಡಕ್ಕೆ ಬ್ಲಾಕ್ ಕಚೇರಿಯಿಂದ ಸುಣ್ಣ ಮತ್ತು ಹೆಂಚು ಬಂದಿತ್ತು. ಉಳಿದದ್ದು ಊರವರ ಶ್ರಮದಾನ ಎಂದು ತೀರ್ಮಾನವಾಗಿತ್ತು. ನಕ್ಷೆ ಹಿಡಿದುಕೊಂಡು ಬಂದ ಓವರ್ಸಿಯರಿಗೆ ಹೆಡ್ ಮೇಷ್ಟ್ರು ಕುರ್ಚಿ ಹಾಕಿ ಕೂರಿಸಿ, ಕಾಫಿ ಕೊಟ್ಟು, ನಕ್ಷೆಯನ್ನು ಮಡಿಸಿ ಪಕ್ಕಕ್ಕಿಟ್ಟರು.

"ಈ ಕಿಟಕಿ ನೆಲದಿಂದ ನಾಲ್ಕಡಿ ಮೇಲಿದೆಯಲ್ಲ ಸ್ವಾಮಿ, ಕೂತ ಹುಡುಗನಿಗೆ ಏನು ಕಾಣುತ್ತೆ?"

"ಸ್ಕೂಲ್ ಕಿಟಕಿ ಅಂದ್ರೆ ಅಷ್ಟೇ ಕಣ್ರೀ. ಎಲ್ಲಾ ಕಡೆನೂ ಅಷ್ಟೇ ಇರೋದು."

"ಮಕ್ಕಳನ್ನ ಕೇಳ್ರಿ," ಎಂದರು ಹೆಡ್ ಮೇಷ್ಟ್ರು.

ಇದು ಅವರ ಮಾತು. ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಆವತ್ತು ನಿಜವಾಗಿಯೂ ಕೇಳಿದರು. ಒಂದೊಂದು ಮಗುವನ್ನೂ ಚಾವಡಿಯ ಗೋಡೆಗೆ ಒರಗಿಸಿ ಕೂರಿಸಿ, ಕಣ್ಣಿನ ಮಟ್ಟಕ್ಕೆ ಇದ್ದಲಿನಿಂದ ಗೆರೆ ಎಳೆದು, ಎಲ್ಲಕ್ಕಿಂತ ಕೆಳಗಿನ ಗೆರೆಯಿಂದ ಕಿಟಕಿ ಶುರುವಾಗಬೇಕು ಎಂದು ಹಟ ಹಿಡಿದರು. ಓವರ್ಸಿಯರ್ ಗೊಣಗಿಕೊಂಡು ಒಪ್ಪಿದ. ಆ ಶಾಲೆಯ ಕಿಟಕಿಗಳು ಈಗಲೂ ಮೊಣಕಾಲೆತ್ತರದಲ್ಲಿವೆ. ನೆಲದ ಮೇಲೆ ಕೂತರೆ ಹೊಲ ಕಾಣುತ್ತದೆ. ಇಂಥ ಮೇಷ್ಟರ ಕೈಕೆಳಗೆ ಕೆಲಸ ಸಿಕ್ಕಿತಲ್ಲ ಎಂದು ನಾನು ಊರಿಗೆ ಕಾಗದ ಬರೆದೆ.

ಆಮೇಲೆ ಶಾಲೆಯ ಜಾಗದಲ್ಲಿ ಇಡೀ ಕಟ್ಟಡವನ್ನು ಬೂದಿಯಲ್ಲಿ ಬರೆಸಿದರು. ಹಗ್ಗದ ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ಮಕ್ಕಳು. ಮನೆಮನೆಯಿಂದ ಒಲೆಯ ಬೂದಿಯನ್ನು ಚಿಪ್ಪಿನಲ್ಲಿ ತಂದು ಗೆರೆಗೆ ಸುರಿದರು. "ನಾಲ್ಕು ದಿವಸ ಇದರೊಳಗೇ ಪಾಠ. ಎಲ್ಲಿ ಇಕ್ಕಟ್ಟಾಗುತ್ತೋ ಹೇಳಿ," ಎಂದರು. ಬಯಲಿನಲ್ಲಿ, ಬೂದಿಯ ಗೆರೆಗಳ ನಡುವೆ, ಇಲ್ಲದ ಗೋಡೆಗೆ ಬೆನ್ನು ಕೊಟ್ಟು ಕೂತು ಮಕ್ಕಳು ಮಗ್ಗಿ ಹೇಳಿದರು. ಯಾರಾದರೂ ಗೆರೆ ದಾಟಿ ಬಂದರೆ ಗಲಾಟೆಯೋ ಗಲಾಟೆ.

"ಗೋಡೆ ತುಳೀಬ್ಯಾಡ ಕಣ್ಲಾ!"

"ಬಾಗ್ಲಲ್ಲಿ ಬಾರೋ, ಗೋಡೆ ತೂರ್ಕಂಡು ಯಾಕ್ಲಾ ಬತ್ತೀಯ, ದೆವ್ವನಾ ನೀನು?"

ಎರಡನೆಯ ದಿನ ಬೊಮ್ಮಿ ಗೋಡೆ ತುಳಿದಳು. ಅವಳು ಹಾಡಿಯ ಹುಡುಗಿ, ಹನ್ನೊಂದು ವರ್ಷದವಳು. ಹಾಡಿಯಿಂದ ಆರು ಮಕ್ಕಳು ಬರುತ್ತಿದ್ದರು. ಶಾಲೆಯ ಜಾಗದ ಎರಡು ಪಕ್ಕಕ್ಕೂ ಪಟೇಲರ ಬೇಲಿ ಇದ್ದದ್ದರಿಂದ, ಚಾವಡಿಗಾಗಲಿ ಹೊಸ ಶಾಲೆಯ ಊರ ಕಡೆಯ ಬಾಗಿಲಿಗಾಗಲಿ ಬರಬೇಕಾದರೆ ಕಾಡಿನಂಚಿನಿಂದ ಸುತ್ತಿ ಊರಿನ ಬೀದಿಗೆ ಬಂದು, ಪಟೇಲರ ಮನೆಯ ಮುಂದೆ ಹಾದು ಬರಬೇಕು. ಆ ಮನೆಗೆ ಎರಡು ನಾಯಿ. ಊರ ಮಕ್ಕಳನ್ನು ಅವು ಮೂಸಿ ಬಿಡುತ್ತಿದ್ದವು. ಹಾಡಿಯ ಮಕ್ಕಳನ್ನು ಕಂಡರೆ ಹಲ್ಲು ಕಿರಿದು ಮೇಲೆ ಬೀಳುತ್ತಿದ್ದವು. ಜಗಲಿಯ ಮೇಲಿದ್ದವರು ಯಾರೂ ಅವುಗಳನ್ನು ಕರೆಯುತ್ತಿರಲಿಲ್ಲ. ಹೀಗಾಗಿ ಆ ಆರು ಮಕ್ಕಳು ಬೀದಿಯ ತುದಿಯಲ್ಲಿ ನಿಂತು, ಯಾವುದಾದರೂ ಗಾಡಿ ಬಂದರೆ ಅದರ ಮರೆಯಲ್ಲಿ ಓಡಿ ಬರುತ್ತಿದ್ದರು. ತಡವಾಗುತ್ತಿತ್ತು. ತಡವಾದದ್ದಕ್ಕೆ ಹೊರಗೆ ನಿಲ್ಲಿಸುತ್ತಿದ್ದವನು ನಾನು. ಕಾರಣ ಕೇಳಿರಲಿಲ್ಲ.

ಆವತ್ತು ಬೊಮ್ಮಿ ಕಾಡಿನ ಕಡೆಯಿಂದ ನೆಟ್ಟಗೆ ನಡೆದು ಬಂದು ಪಡುವಣ ಗೆರೆಯನ್ನು ದಾಟಿದಳು.

"ಬೊಮ್ಮಿ ಗೋಡೆ ಒಡದ್ಲು ಸಾ! ಒಡದ್ಲು!"

ಹೆಡ್ ಮೇಷ್ಟ್ರು ಕೈಯೆತ್ತಿ ಗಲಾಟೆ ನಿಲ್ಲಿಸಿದರು. "ಯಾಕಮ್ಮ ಈ ಕಡೆಯಿಂದ ಬಂದೆ?"

ಬೊಮ್ಮಿ ಕಾಲಿಗೆ ಹತ್ತಿದ ಬೂದಿ ನೋಡಿಕೊಂಡಳು. "ಈ ಕಡೆ ನಾಯಿ ಇಲ್ಲ ಸಾ."

ಎಲ್ಲರೂ ನಕ್ಕರು. ಅವರು ನಗಲಿಲ್ಲ. ಅಡಿಕೋಲಿನ ಹಿತ್ತಾಳೆಯ ಕೊನೆಯಿಂದ ಪಡುವಣ ಗೆರೆಯಲ್ಲಿ ಮೂರಡಿ ಬೂದಿಯನ್ನು ನಿಧಾನವಾಗಿ ಅಳಿಸಿದರು. "ಇಲ್ಲೊಂದು ಬಾಗಿಲು," ಎಂದರು. "ಯಾವ ಇಂಜಿನಿಯರಿಗೂ ಹೊಳೆಯಲಿಲ್ಲ ನೋಡಿ ಮೇಷ್ಟ್ರೇ. ಮಕ್ಕಳನ್ನ ಕೇಳ್ರಿ."

ಆ ಕ್ಷಣದಲ್ಲಿ ಅವರ ಮನಸ್ಸಿನಲ್ಲಿ ಸುಳ್ಳಿತ್ತೆಂದು ನಾನು ಹೇಳಲಾರೆ. ಕಂಡದ್ದಷ್ಟನ್ನೇ ಹೇಳುತ್ತೇನೆ.

ಹಾಡಿಯ ಮಕ್ಕಳ ಬಗ್ಗೆ ಇನ್ನೊಂದು ಸಂಗತಿ. ಅವರು ಮಾತಾಡಿದರೆ ಆರೂ ಜನ ಒಟ್ಟಿಗೆ ಮಾತಾಡುತ್ತಿದ್ದರು, ಇಲ್ಲದಿದ್ದರೆ ಇಡೀ ದಿನ ಬಾಯಿ ಬಿಡುತ್ತಿರಲಿಲ್ಲ. ಹೆಡ್ ಮೇಷ್ಟ್ರು ಅವರಿಗೆ ಕಲಿಸಿದರು: "ಮಾತಾಡಬೇಕು ಅಂದ್ರೆ ಮೊದಲು ಕೈ ಎತ್ತಬೇಕು. ನಾನು ಹೆಸರು ಕರೀತೀನಿ. ಆಮೇಲೆ ಬಾಯಿ." ಬೊಮ್ಮಿ ಇದನ್ನು ಬೇರೆ ಯಾರಿಗಿಂತಲೂ ಚೆನ್ನಾಗಿ ಕಲಿತಳು. ಬಲಗೈಯನ್ನು ನೇರವಾಗಿ ಎತ್ತಿ, ಎಡಗೈಯಿಂದ ಅದರ ಮೊಣಕೈಗೆ ಆಸರೆ ಕೊಟ್ಟು ಹಿಡಿಯುತ್ತಿದ್ದಳು, ಹೆಸರು ಕರೆಯುವುದು ಎಷ್ಟೇ ತಡವಾದರೂ ಕೈ ಬೀಳಬಾರದೆಂದು. ಹಾಗೆ ಕೈಯೆತ್ತುತ್ತಿದ್ದವಳು ಇಡೀ ಶಾಲೆಯಲ್ಲಿ ಅವಳೊಬ್ಬಳೇ. ಹೆಡ್ ಮೇಷ್ಟ್ರು ಅದನ್ನು ಓವರ್ಸಿಯರಿಗೆ ತೋರಿಸಿ ನಕ್ಕಿದ್ದರು. ಆದ್ದರಿಂದ ಆ ಕೈಯ ಅರ್ಥ ಅವರಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಗೋಡೆಗೆ ಇಟ್ಟಿಗೆ ಮಾಡಿದ್ದು ಹೆಚ್ಚಾಗಿ ಆ ಆರು ಮಕ್ಕಳು. ಮಣ್ಣು ತುಳಿಯುವುದು, ಹುಲ್ಲು ಸೇರಿಸುವುದು, ಅಚ್ಚಿಗೆ ಹೊಡೆಯುವುದು ಅವರಿಗೆ ಹಾಡಿಯಲ್ಲಿ ಮನೆಗೆ ಮಣ್ಣು ಮೆತ್ತಿ ಅಭ್ಯಾಸವಿತ್ತು. ಊರ ಮಕ್ಕಳು ಮಗ್ಗಿ ಹೇಳುವಾಗಲೂ ಅವರು ಕೆಸರಿನಲ್ಲಿದ್ದರು. ಹೆಡ್ ಮೇಷ್ಟ್ರು ಹೊಂಗೆಯ ಮರದ ಕೆಳಗೆ ಕುರ್ಚಿ ಹಾಕಿಕೊಂಡು, "ಭೇಷ್, ಭೇಷ್" ಎನ್ನುತ್ತಿದ್ದರು. ಅವರ ಪಂಚೆಯ ಮೇಲೆ ಒಂದು ಹನಿ ಕೆಸರನ್ನೂ ನಾನು ನೋಡಲಿಲ್ಲ.

ಗೋಡೆ ಮುಗಿದಾಗ ತೊಲೆ ಬೇಕಾಯಿತು. ತೊಲೆ ಕೊಡುತ್ತೇನೆಂದು ಮಾತು ಕೊಟ್ಟಿದ್ದವರು ಪಟೇಲರು. ಪಟೇಲಿಕೆ ಸರ್ಕಾರದ ಕಾಯಿದೆಯಲ್ಲಿ ಹೋಗಿತ್ತು. ಊರಿನ ಬಾಯಲ್ಲಿ ಹೋಗಿರಲಿಲ್ಲ. ಅವರ ಹಿತ್ತಲಿನಲ್ಲಿ ಮತ್ತಿಯ ಮರದ ಎಂಟು ತೊಲೆ ಒಣಗಿ ಸಿದ್ಧವಾಗಿದ್ದವು. ಒಂದು ಸಂಜೆ ಅವರು ಬಂದು ಗೋಡೆ ಸುತ್ತಿ ನೋಡಿ ಪಡುವಣ ಬಾಗಿಲ ಮುಂದೆ ನಿಂತರು.

"ಇದೇನ್ ಮೇಷ್ಟ್ರೇ, ಕಾಡ್ ಕಡಿಕೆ ಬಾಗ್ಲು?"

"ಹಾಡಿ ಮಕ್ಕಳಿಗೆ ಹತ್ತಿರ ಆಗುತ್ತೆ ಅಂತ."

"ಅತ್ರ ಆಗೋದು ಇಸ್ಕೂಲ್ಗೆ ಮಾತ್ರಾನಾ? ಬಾಗ್ಲಾದ್ರೆ ದಾರಿ ಆಯ್ತದೆ. ದಾರಿ ಬೀಳೋದು ನನ್ ಕಣದ್ ಮೇಲೆ. ಇವತ್ತು ಮಕ್ಳು ಬತ್ತವೆ, ನಾಳೆ ಅವ್ರಪ್ಪಂದ್ರು ಬತ್ತಾರೆ, ನಾಳಿದ್ದು ಇದು ನಮ್ ದಾರಿ ಅಂತಾರೆ. ಅದನ್ನ ಮುಚ್ಚಿ, ಗಾಡಿ ಕಳ್ಸಿ. ತೊಲೆ ಏರ್ಕಂಡ್ ಓಗಿ."

ಹೆಡ್ ಮೇಷ್ಟ್ರು ಗೋಡೆ ನೋಡಿದರು. "ನಾನು ಮುಚ್ಚಿಸಿದ್ರೆ ಚೆನ್ನಾಗಿರಲ್ಲ ಪಟೇಲರೇ. ಸಾಹೇಬ್ರಿಗೆಲ್ಲ ತೋರಿಸಿಬಿಟ್ಟಿದ್ದೀನಿ. ಶನಿವಾರ ಬನ್ನಿ. ಮಕ್ಕಳನ್ನೇ ಕೇಳೋಣ."

ಪಟೇಲರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ನಗುತ್ತ ಹೆಗಲ ಮೇಲಿನ ವಸ್ತ್ರ ಕೊಡವಿದರು. "ಭಾರಿ ಗಟ್ಟಿ ಮನ್ಸ ಕಣ್ರೀ ನೀವು!"

ನನಗೂ ಅರ್ಥವಾಗಿತ್ತು. ನಾನು ಮೂರು ಹೆಜ್ಜೆ ಆಚೆ ಹಗ್ಗ ಸುತ್ತಿಡುತ್ತಿದ್ದೆ.

ಶನಿವಾರ ಅವರು ಮಕ್ಕಳಿಗೆ ತೊಲೆಯ ವಿಷಯ ಹೇಳಲಿಲ್ಲ. ಪಟೇಲರ ವಿಷಯ ಹೇಳಲಿಲ್ಲ. ಪಟೇಲರು ಬಾಗಿಲಲ್ಲಿ ನಿಂತಿದ್ದರಲ್ಲ, ಊರ ಮಕ್ಕಳಿಗೆ ಅಷ್ಟು ಸಾಕಿತ್ತು. ಹೆಡ್ ಮೇಷ್ಟ್ರು ಹೇಳಿದ್ದು ಇಷ್ಟು: ಪಡುವಣ ಬಾಗಿಲಿದ್ದರೆ ಮಳೆಗಾಲದಲ್ಲಿ ಎರಚಲು ಹೊಡೆಯುತ್ತದೆ, ಅಲ್ಲಿ ಗೋಡೆಯಾದರೆ ಇನ್ನೊಂದು ಕರಿಹಲಗೆ ಹಾಕಬಹುದು, ಶಾಲೆ ನಿಮ್ಮದು, ತೀರ್ಮಾನವೂ ನಿಮ್ಮದೇ. "ಆ ಬಾಗಿಲು ಮುಚ್ಚೋಣ ಅನ್ನೋರು ಕೈ ಎತ್ತಿ."

ಊರ ಮಕ್ಕಳು ಇಪ್ಪತ್ತೆಂಟು. ಇಪ್ಪತ್ತೇಳು ಕೈ ಎದ್ದವು. ಎತ್ತದೆ ಉಳಿದವಳು ಪಟೇಲರ ಮಗಳು ಜಯ. ಅವಳು ಬೊಮ್ಮಿಯ ಪಕ್ಕ ಕೂರುತ್ತಿದ್ದವಳು. ಬೂದಿಯ ಶಾಲೆಯಲ್ಲಿ ಇಬ್ಬರೂ ಸೇರಿ ಅಡುಗೆಯಾಟಕ್ಕೆಂದು ಒಲೆಯ ಮೂಲೆಯೊಂದನ್ನು ಬೂದಿಯಲ್ಲಿ ಬರೆದು ಬೈಸಿಕೊಂಡಿದ್ದರು. ಜಯ ತಲೆ ತಿರುಗಿಸಿ ಅಪ್ಪನನ್ನು ನೋಡಿದಳು. ಜಯ ಕೈ ಎತ್ತಿದಳು.

ಹಾಡಿಯ ಐದು ಮಕ್ಕಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಬೊಮ್ಮಿ ಕೈ ಎತ್ತಿದಳು. ಬಲಗೈ ನೇರ ಮೇಲಕ್ಕೆ, ಮೊಣಕೈಗೆ ಎಡಗೈ ಆಸರೆ.

ಹೆಡ್ ಮೇಷ್ಟ್ರು ಅಡಿಕೋಲಿನಿಂದ ತೋರಿಸುತ್ತ ಎಣಿಸಿಕೊಂಡು ಬಂದರು. ಇಪ್ಪತ್ತೇಳು, ಇಪ್ಪತ್ತೆಂಟು. ಬೊಮ್ಮಿಯ ಮುಂದೆ ಕೋಲು ನಿಂತಿತು. ಅವರು ಅವಳ ಮುಖ ನೋಡಿದರು, ಎಡಗೈ ನೋಡಿದರು. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು. ಆಮೇಲೆ ಅಂದರು, "ಇಪ್ಪತ್ತೊಂಬತ್ತು. ಬರೀರಿ ಮೇಷ್ಟ್ರೇ."

ನಾನು ಬರೆದೆ. ಎರಡು, ಒಂಬತ್ತು. ಸೀಮೆಸುಣ್ಣ ಮುರಿಯಲಿಲ್ಲ. ಅಂಕಿಗಳು ಗುಂಡಾಗಿ ಬಂದವು.

"ನೋಡಿದ್ರಾ," ಎಂದರು ಅವರು ಪಟೇಲರ ಕಡೆ ತಿರುಗಿ, "ಬಾಗಿಲು ಕೇಳಿದೋಳೇ ಕೈ ಎತ್ತಿದ್ದಾಳೆ. ಹುಂ, ಎಲ್ಲರೂ ಕೈ ಇಳಿಸಿ."

ಎಲ್ಲರೂ ಇಳಿಸಿದರು. ಬೊಮ್ಮಿ ಇಳಿಸಲಿಲ್ಲ. ಅವಳ ಹೆಸರು ಕರೆದಿರಲಿಲ್ಲ. ಅವಳು ಕಾದಳು. ಹೆಡ್ ಮೇಷ್ಟ್ರು ಅವಳ ಹತ್ತಿರ ಬಂದು ಅಡಿಕೋಲನ್ನು ಅವಳ ಮಣಿಕಟ್ಟಿನ ಮೇಲಿಟ್ಟು, ನೋವಾಗದ ಹಾಗೆ, ಮೆಲ್ಲಗೆ ಕೆಳಕ್ಕೆ ಒತ್ತಿದರು. ಕೈ ಮಡಿಲಿಗೆ ಬಂತು.

ಮುಚ್ಚುವ ಕೆಲಸ ಆವತ್ತೇ ನಡೆಯಿತು. ಗಾರೆಯ ಕೆಲಸ ಮಾಡುತ್ತಿದ್ದ ಸಾಬರು ಕರಣೆ ಕೆಳಗಿಟ್ಟರು. "ಮಗು ಬಿಡಿಸಿದ ಬಾಗಿಲು ಸ್ವಾಮಿ. ನನ್ ಕೈಯಾಗೆ ಆಗಲ್ಲ, ಮಾಫ್ ಮಾಡಿ," ಎಂದು ಹೊಂಗೆಯ ಕೆಳಗೆ ಹೋಗಿ ಬೀಡಿ ಹಚ್ಚಿದರು. ಹೆಡ್ ಮೇಷ್ಟ್ರು ಬೇಸರ ಮಾಡಿಕೊಳ್ಳಲಿಲ್ಲ. "ಮಕ್ಕಳೇ ತೀರ್ಮಾನ ಮಾಡಿದ್ದು, ಮಕ್ಕಳೇ ಕಟ್ಟಲಿ," ಎಂದರು. ಇಟ್ಟಿಗೆಯ ರಾಶಿಯಿಂದ ಬಾಗಿಲವರೆಗೆ ಮಕ್ಕಳ ಸಾಲು ನಿಲ್ಲಿಸಿದರು. ಕೈಯಿಂದ ಕೈಗೆ ಇಟ್ಟಿಗೆ ದಾಟಿತು. ಬೊಮ್ಮಿಯೂ ಸಾಲಿನಲ್ಲಿದ್ದಳು, ಕೊನೆಯಿಂದ ನಾಲ್ಕನೆಯವಳು. ಇಟ್ಟಿಗೆಗಳ ಮೇಲೆ ಹಾಡಿಯ ಮಕ್ಕಳ ಬೆರಳಿನ ಗುರುತುಗಳಿದ್ದವು, ಅಚ್ಚಿನಿಂದ ಬಿಡಿಸುವಾಗ ಬಿದ್ದವು. ಹಾಡಿಯ ಹುಡುಗ ಕರಿಯ ಒಂದು ಇಟ್ಟಿಗೆ ಹಿಡಿದು, "ಇದು ನಂದು ಕಣೇ," ಎಂದು ಬೊಮ್ಮಿಗೆ ತೋರಿಸಿದ. ಅವಳು ಈಸಿಕೊಂಡು ಮುಂದಕ್ಕೆ ಕೊಟ್ಟಳು. ಕಟ್ಟಿದವನು ನಾನು. ಕರಣೆ ಹಿಡಿದು ಅಭ್ಯಾಸವಿರಲಿಲ್ಲ. ಆ ಮೂರಡಿ ಗೋಡೆ ಮಾತ್ರ ಸೊಟ್ಟಗಿದೆ.

ಕೆಲಸ ಮುಗಿದ ಮೇಲೆ ಅವರು ನನಗೆ ಹೇಳಿದ ಮಾತು: "ನೋಡಿದ್ರಾ ಮೇಷ್ಟ್ರೇ, ಒಂದು ಮಗೂಗೂ ಗದರಲಿಲ್ಲ ನಾನು."

ವಾರದೊಳಗೆ ತೊಲೆಗಳು ಬಂದವು. ಹೆಂಚು ಹೊದಿಸಿದರು. ಯುಗಾದಿಯ ಹೊತ್ತಿಗೆ ಮೈಸೂರಿನಿಂದ ದೊಡ್ಡ ಅಧಿಕಾರಿಗಳು ಬಂದು ಟೇಪು ಕತ್ತರಿಸಿದರು. ಹೆಡ್ ಮೇಷ್ಟ್ರು ಭಾಷಣದಲ್ಲಿ ಕಿಟಕಿಯ ಕತೆ ಹೇಳಿದರು, ಬೂದಿಯ ಕತೆ ಹೇಳಿದರು, ಮಕ್ಕಳು ಕೈಯೆತ್ತಿ ತೀರ್ಮಾನ ಮಾಡಿದ ಕತೆಯನ್ನೂ ಹೇಳಿದರು, ಯಾವುದರ ತೀರ್ಮಾನ ಎಂಬುದೊಂದನ್ನು ಬಿಟ್ಟು. ಗಲ್ಲ ಎತ್ತಿ ತೋರಿಸಲು "ಇಂಜಿನಿಯರಮ್ಮ ಎಲ್ಲಿ?" ಎಂದು ಹುಡುಕಿದರು. ಬೊಮ್ಮಿ ಬಂದಿರಲಿಲ್ಲ. ಹಾಡಿಯ ಆರು ಮಕ್ಕಳು ಬೀದಿಯ ದಾರಿಯಲ್ಲಿ ಮೂರು ವಾರ ಬಂದು, ಆಮೇಲೆ ನಾಲ್ವರಾಗಿ, ಆಮೇಲೆ ಕರಿಯ ಮತ್ತು ಬೊಮ್ಮಿ ಇಬ್ಬರೇ ಆಗಿ, ಕೊನೆಗೆ ನಿಂತುಹೋಗಿದ್ದರು. ಹೆಡ್ ಮೇಷ್ಟ್ರು ಜಯಳ ಗಲ್ಲ ಎತ್ತಿದರು.

ಆ ಸಂಜೆ ನಾನು ಒಂದೇ ಒಂದು ಸಲ ಅವರನ್ನು ಕೇಳಿದೆ. ಕೇಳಲು ಎರಡು ತಿಂಗಳು ಬೇಕಾಯಿತು. "ಸಾರ್, ಬೊಮ್ಮಿ ಕೈ ಎತ್ತಿದ್ದು ಮಾತಾಡೋಕೆ ಅಲ್ವಾ?"

ಅವರು ಹೂವಿನ ಹಾರ ಬಿಚ್ಚಿ ಮೊಳೆಗೆ ತಗುಲಿಸುತ್ತಿದ್ದರು. ತಿರುಗಲಿಲ್ಲ. "ತೊಲೆ ಬರದೇ ಇದ್ದಿದ್ರೆ ಈ ಮಳೆಗೆ ಗೋಡೆ ಕರಗಿಹೋಗ್ತಿತ್ತು. ಆರು ಜನಕ್ಕೆ ಒಂದು ಬಾಗಿಲು, ಮೂವತ್ತನಾಲ್ಕು ಜನಕ್ಕೆ ಒಂದು ಸೂರು. ನೀವಾಗಿದ್ರೆ ಯಾವುದನ್ನ ಆರಿಸ್ತಿದ್ರಿ?"

ಅವರ ಕಷ್ಟ ನಿಜವಾದ ಕಷ್ಟವೇ. ಇಷ್ಟು ಮಾತ್ರ ಹೇಳಿದೆ: "ಆರಿಸಿದ್ದು ನೀವು ಅಂತ ಆ ಮಕ್ಕಳಿಗೆ ಹೇಳಬಹುದಿತ್ತು."

ಆಗ ತಿರುಗಿದರು, ನಕ್ಕರು. "ನಾನೆಲ್ಲಿ ಆರಿಸಿದೆ? ನೀವೇ ಬರೆದಿರಲ್ಲ ಮೇಷ್ಟ್ರೇ, ಇಪ್ಪತ್ತೊಂಬತ್ತು."

ನನ್ನ ದ್ವೇಷ ಆ ನಗುವಿನ ಮೇಲೆ. ಬಾಗಿಲು ಮುಚ್ಚಿದ ಮನುಷ್ಯನನ್ನು ನಾನು ಕ್ಷಮಿಸಬಲ್ಲೆನೇನೋ. ಮುಚ್ಚಿದ್ದು ನೀವೇ ಎಂದು ಮಕ್ಕಳನ್ನು ನಂಬಿಸಿ ಮನೆಗೆ ಕಳಿಸಿದವರನ್ನು ಕ್ಷಮಿಸಲಾಗಲಿಲ್ಲ. ಮುಂದಿನ ವರ್ಷ ಪಿರಿಯಾಪಟ್ಟಣಕ್ಕೆ ವರ್ಗ ಕೇಳಿ ಹೊರಟುಹೋದೆ. ಅವರಿಗೆ ಎಷ್ಟೋ ಸನ್ಮಾನಗಳಾದವು. ನಾನು ಯಾವುದಕ್ಕೂ ಹೋಗಲಿಲ್ಲ, ಹೋಗಿ ಎದ್ದು ನಿಂತು ನಿಜ ಹೇಳಲೂ ಇಲ್ಲ.

ಸಂತಾಪ ಸಭೆ ಮುಗಿದ ಮೂರನೆಯ ದಿನ ಬಸ್ಸು ಹತ್ತಿ ಆ ಊರಿಗೆ ಹೋದೆ. ಶಾಲೆಯ ಹಿಂದಿನಿಂದ, ಸೊಟ್ಟ ಗೋಡೆಯ ಪಕ್ಕದಿಂದ ನಡೆದು ಹಾಡಿಗೆ ಹೋದೆ. ಬೊಮ್ಮಿ ಮನೆಯ ಮುಂದೆ ಕೂತು ಬಿದಿರು ಸೀಳುತ್ತಿದ್ದಳು. ಐವತ್ತರ ಹೆಂಗಸು. ನನ್ನ ಗುರುತು ಸಿಗಲಿಲ್ಲ. ಹೇಳಿದ ಮೇಲೆ ಸಿಕ್ಕಿತು.

"ಎಡ್ ಮೇಷ್ಟ್ರು ತೀರ್ಕಂಡ್ರಾ," ಎಂದಳು. "ಒಳ್ಳೆ ದೊಣ್ಣೆ ಇತ್ತು ಅವ್ರತ್ರ, ಇತ್ತಾಳೇದು."

"ಬೊಮ್ಮಿ, ಆವತ್ತು ಕೈ ಎತ್ತಿದ್ದೆಯಲ್ಲ. ಏನು ಹೇಳಬೇಕು ಅಂತಿದ್ದೆ?"

ಅವಳು ಕತ್ತಿ ನಿಲ್ಲಿಸಿ ನನ್ನನ್ನೇ ನೋಡಿದಳು. "ಈಗ ಕೇಳ್ತಿದ್ದೀರಾ ಸಾ?"

ಅವಳು ಬಿದಿರಿನ ಸೀಳನ್ನು ಪಕ್ಕಕ್ಕಿಟ್ಟಳು.

"ಬಾಗ್ಲು ಮುಚ್ಚೋದಾದ್ರೆ ಮುಚ್ಚಿ, ಅಲ್ಲೊಂದು ಕಿಟ್ಕಿನಾದ್ರೂ ಬುಡಿ ಅನ್ನಾಣ ಅಂತಿದ್ದೆ. ನಾವು ಆಚೇಲೇ ನಿಂತ್ಕಂಡು ಪಾಠ ಕೇಳಿಸ್ಕಂತಿದ್ವು."

ಆ ಶನಿವಾರ ಅಲ್ಲಿದ್ದವರಲ್ಲಿ ಪಟೇಲರು ಈಗ ಇಲ್ಲ. ಸಾಬರೂ ಇಲ್ಲ. ಕಂಡವರಲ್ಲಿ ಬದುಕಿರುವವರು, ನನಗೆ ಗೊತ್ತಿರುವಂತೆ ಇವರು. ಪಟೇಲರ ಮಗಳು ಜಯಮ್ಮ, ಹುಣಸೂರಿನಲ್ಲಿದ್ದಾರೆ. ಸಂತಾಪ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದರು, ಮಾತಾಡಲು ಕರೆದಾಗ ಏಳಲಿಲ್ಲ. ಕರಿಯ, ಬೈಲಕುಪ್ಪೆಯ ಕಡೆ ಜೋಳದ ಹೊಲಗಳಲ್ಲಿ ಕೂಲಿಗೆ ಹೋಗುತ್ತಾನೆ. ಇಪ್ಪತ್ತೊಂಬತ್ತು ಎಂದು ಬರೆದ ನಾನು. ಮತ್ತು ಬೊಮ್ಮಿ, ಅದೇ ಹಾಡಿಯಲ್ಲಿ. ಹೆಸರು ಕರೆದರೆ ಹೇಳುತ್ತಾಳೆ.